ಎರಡು ಕಾಡುಗಳ ಶೋಧಕ

ದಕ್ಷಿಣ ಅಮೆರಿಕದ ಕೊಲಂಬಿಯ ದೇಶ. ಆಂಡೀಸ್ ಪರ್ವತಶ್ರೇಣಿಯ ಪೂರ್ವದ ತಪ್ಪಲಿನಲ್ಲಿ ಹಬ್ಬಿದ ದಟ್ಟವಾದ ಅಡವಿ. ಕೂಲಿಗಳು ಹೆಮ್ಮರವೊಂದಕ್ಕೆ ಕೊಡಲಿ ಹಾಕಿದ್ದಾರೆ. ಅದನ್ನು ನೋಡುತ್ತ ನಿಂತವರು ಡಾ॥ ಹೋರ್ಹೆ ಬೋಷೆಲ್ ಎಂಬ ಸಾಂಕ್ರಾಮಿಕ ರೋಗಗಳ ಶೋಧಕರು. ಮರವು ಭೋರೆಂದು ನೆಲಕ್ಕೊರಗಿತು. ಮರುಕ್ಷಣವೇ ನೀಲಿ ಬಣ್ಣದ ಸೊಳ್ಳೆಗಳ ಹಿಂಡು ಆ ಕೂಲಿಗಳನ್ನು ಮುತ್ತಿತು!

ಹಳದಿ ಜ್ವರವು ಊರಿನ ರೋಗ, ಮನೆಯ ನೀರಿನ ತೊಟ್ಟಿಯಲ್ಲಿ ಹುಟ್ಟುವ ಸೊಳ್ಳೆಯಿಂದ ಬರುವಂಥದು ಎಂದು ಬಹುಕಾಲ ನಂಬಲಾಗಿದ್ದಿತು. ಆದರೆ ಆ ಸೊಳ್ಳೆಯ ಸುಳಿವೇ ಇಲ್ಲದ ಕಾಡಿನಲ್ಲಿಯೂ ಮರ ಕಡಿಯುವವರು ಅದೇ ಜ್ವರದಿಂದ ಸಾಯುತ್ತಿದ್ದುದೇಕೆ? ಉತ್ತರವು ನೆಲದ ಮೇಲಿರಲಿಲ್ಲ, ಮರದ ನೆತ್ತಿಯಲ್ಲಿದ್ದಿತು. ಅಲ್ಲಿ ಕೋತಿಗಳ ರಕ್ತ ಹೀರಿ ಬಾಳುವ ಹೀಮಗೋಗಸ್ ಎಂಬ ಸೊಳ್ಳೆಗಳು ರೋಗವನ್ನು ಕೋತಿಯಿಂದ ಕೋತಿಗೆ ಸಾಗಿಸುತ್ತಿದ್ದವು. ಮರ ಉರುಳಿದಾಗ ಅವೂ ಮನುಷ್ಯನ ಮೈಮೇಲೆ ಇಳಿದವು. ಬೋಷೆಲರೂ ಅವರ ಸಂಗಡಿಗರೂ ಈ ಸಂಗತಿಯನ್ನು 1944ರಲ್ಲಿ ಪ್ರಬಂಧಗಳಾಗಿ ಪ್ರಕಟಿಸಿದರು.

ಅತ್ತ ಹಾಗಿರಲು, 1957ರ ಮಾರ್ಚ್ ತಿಂಗಳಲ್ಲಿ ಅಂದಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆಯಿಂದ ವಿಚಿತ್ರವಾದ ಸುದ್ದಿಯೊಂದು ಹೊರಟಿತು. ಸೊರಬ, ಸಾಗರ ತಾಲ್ಲೂಕುಗಳ ಕಾಡಿನಲ್ಲಿ ಮಂಗಗಳೂ ಮುಸಿಯಗಳೂ ಸತ್ತು ಬೀಳುತ್ತಿದ್ದವು. ಕಾಡಿಗೆ ಸೌದೆ ಸೊಪ್ಪುಗಳಿಗೆಂದು ಹೋದವರಿಗೆ ಕಡುಜ್ವರ, ತಲೆಶೂಲೆ, ಸ್ನಾಯುಗಳ ಅಸಾಧ್ಯ ನೋವು. ಕೆಲವರಿಗೆ ಮೂಗು ಬಾಯಿಗಳಲ್ಲಿ ರಕ್ತಸ್ರಾವ. ಹಳ್ಳಿಗರು ಇದನ್ನು ‘ಮಂಗನ ಕಾಯಿಲೆ’ ಎಂದರು. ವಿಜ್ಞಾನಿಗಳ ಎದೆ ಝಲ್ಲೆಂದಿತು. ಏಷ್ಯ ಖಂಡವನ್ನು ಎಂದೂ ಮುಟ್ಟದಿದ್ದ ಹಳದಿ ಜ್ವರವೇ ಬಂದುಬಿಟ್ಟಿತೆ?

1952ರಲ್ಲಿ ಸ್ಥಾಪಿತವಾಗಿದ್ದ ಪುಣೆಯ ವೈರಸ್ ಸಂಶೋಧನ ಕೇಂದ್ರದಿಂದ ಡಾ॥ ಟೆಲ್ಫರ್ಡ್ ವರ್ಕ್ ಮತ್ತು ಅವರ ತಂಡದವರು ಧಾವಿಸಿ ಬಂದರು. ಇದು ಹಳದಿ ಜ್ವರವಲ್ಲವೆಂದು ಬೇಗನೆ ತಿಳಿಯಿತು. ರೋಗಾಣುವು ಹೊಸದು, ಆದರೆ ರಷ್ಯದ ಕಾಡುಗಳಲ್ಲಿ ಮಿದುಳಿನ ಉರಿಯೂತವನ್ನು ತರುವ ವೈರಸ್ಸಿಗೆ ಹತ್ತಿರದ ನೆಂಟ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹೆಸರೇ ಅದಕ್ಕೆ ನಿಂತಿತು. ವಾಹಕವು ಸೊಳ್ಳೆಯಲ್ಲ, ಮಲೆನಾಡಿಗರು ಉಣುಗು ಎನ್ನುವ ಉಣ್ಣಿ. ಸೈಬೀರಿಯದಿಂದ ವಲಸೆ ಬರುವ ಹಕ್ಕಿಗಳು ರೋಗವನ್ನು ಹೊತ್ತು ತಂದಿರಬಹುದೆಂಬ ಊಹೆಯೂ ಎದ್ದಿತು. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರಂತಹವರು ಅದರ ಬೆನ್ನು ಹತ್ತಿದರಾದರೂ ಗಟ್ಟಿಯಾದ ಸಾಕ್ಷ್ಯ ದೊರೆಯಲಿಲ್ಲ.

1960ರ ದಶಕದಲ್ಲಿ ಬೋಷೆಲರು ಮಲೆನಾಡಿಗೆ ಬಂದು ಸೇರಿದರು. ರೋಗ ಎಲ್ಲಿಂದ ಬಂದಿತೆಂಬುದಕ್ಕಿಂತ, ಇಷ್ಟು ದಿನ ಅಡಗಿದ್ದುದು ಈಗೇಕೆ ತಲೆಯೆತ್ತಿತೆಂಬ ಪ್ರಶ್ನೆ ಅವರನ್ನು ಹೆಚ್ಚಾಗಿ ಕಾಡಿತು. ಪಿ. ಕೆ. ರಾಜಗೋಪಾಲನ್, ಮುಂದೆ ಪುಣೆಯ ಆ ಸಂಸ್ಥೆಯ ನಿರ್ದೇಶಕಿಯಾದ ಖೋರ್ಷೆದ್ ಪಾವ್ರಿ ಮೊದಲಾದವರೊಡನೆ 1961ರಿಂದ 1964ರವರೆಗೆ ಸಂಗ್ರಹಿಸಿದ ಉಣ್ಣಿಗಳಿಂದ ವೈರಸ್ಸನ್ನು ಬೇರ್ಪಡಿಸಿದ ವಿವರ 1968ರಲ್ಲಿ ಅಚ್ಚಾಯಿತು. ಉಣ್ಣಿಗಳನ್ನು ಹಿಡಿಯುವುದೆಂದರೆ ಬಟ್ಟೆಯೊಂದನ್ನು ನೆಲದ ದರಕಿನ ಮೇಲೆ ಎಳೆದು, ಅದಕ್ಕೆ ಹತ್ತಿದ ಸಾಸಿವೆಗಿಂತ ಸಣ್ಣ ಮರಿಗಳನ್ನು ಒಂದೊಂದಾಗಿ ಹೆಕ್ಕುವ ಕೆಲಸ. ಅದು ಅಪಾಯವಿಲ್ಲದ ಕೆಲಸವೂ ಅಲ್ಲ. ಈ ವೈರಸ್ಸಿನೊಡನೆ ಸೆಣಸಿದ ಪ್ರಯೋಗಶಾಲೆಯವರಲ್ಲಿ ಹಲವರು ತಾವೇ ಜ್ವರ ಹತ್ತಿ ಮಲಗಿದ್ದುಂಟು.

ಕೊನೆಗೆ ಅವರ ದೃಷ್ಟಿ ನಿಂತದ್ದು ಕೊರಳ ಗಂಟೆ ಬಾರಿಸುತ್ತ ಮೇಯಲು ಹೋಗುವ ದನಗಳ ಮೇಲೆ! ಉಣ್ಣಿಯು ಬಾಳಿನಲ್ಲಿ ಮೂರು ಬಾರಿ ರಕ್ತ ಕುಡಿಯಬೇಕು. ಮರಿಯಾಗಿದ್ದಾಗ ಇಲಿ, ಹಕ್ಕಿ, ಮಂಗ ಯಾವುದಾದರೂ ಆದೀತು. ಬೆಳೆದ ಹೆಣ್ಣಿಗೆ ಮಾತ್ರ ದೊಡ್ಡ ಪ್ರಾಣಿಯೇ ಬೇಕು. ಹಿಂದೆ ಕಾಟಿ, ಕಡವೆಗಳಿದ್ದವು. ಅವು ಎಷ್ಟು ತಾನೆ ಇದ್ದಾವು? ಜನ ಹೆಚ್ಚಿ, ಕಾಡಿನ ಅಂಚು ಗದ್ದೆಯಾಗಿ, ಮನೆಮನೆಯ ದನಗಳು ಕಾಡು ಹೊಕ್ಕಾಗ ಹೆಣ್ಣು ಉಣ್ಣಿಗಳಿಗೆ ಸುಗ್ಗಿಯೇ ಆಯಿತು. ಹೊಟ್ಟೆತುಂಬ ಕುಡಿದು ಬಿದ್ದ ಒಂದೊಂದೂ ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ಮಳೆಗಾಲ ಕಳೆದು ಮರಿಗಳು ಬಲಿಯುವುದೂ, ರೈತ ಸೊಪ್ಪು ದರಕುಗಳಿಗೆಂದು ಕಾಡಿಗೆ ಇಳಿಯುವುದೂ ಒಂದೇ ಕಾಲಕ್ಕೆ. ದನಕ್ಕೆ ಈ ಕಾಯಿಲೆಯಿಲ್ಲ, ಪಾಪ, ಅದಕ್ಕೆ ಗೊತ್ತೂ ಇಲ್ಲ. 1969ರಲ್ಲಿ ಬೋಷೆಲರು ಈ ವಾದವನ್ನು ವಿಸ್ತಾರವಾಗಿ ಮಂಡಿಸಿದರು.

ಮಂಗ ಸತ್ತಾಗ ಅದರ ಮೈಮೇಲಿನ ಉಣ್ಣಿಗಳು ಅಲ್ಲೇ ಉದುರುತ್ತವೆ. ಆ ತಾಣವೇ ಅತ್ಯಂತ ಅಪಾಯಕಾರಿ. ಈ ಅರಿವಿನಿಂದಲೇ ಸತ್ತ ಮಂಗನ ಸುತ್ತ 50 ಅಡಿಯವರೆಗೆ ಕೀಟನಾಶಕವನ್ನು ಎರಚುವ ಪದ್ಧತಿ ಬಂದಿತು. ರೋಗವು ಮನುಷ್ಯನಿಂದ ಮನುಷ್ಯನಿಗೆ ಹರಡದೆಂಬುದು ರೋಗಿಯ ಹಾಸಿಗೆಯ ಬಳಿ ಕುಳಿತ ತಾಯಂದಿರಿಗೆ ದೊಡ್ಡ ಸಮಾಧಾನ.

ಆದರೆ ದನಗಳನ್ನು ಕಾಡಿಗೆ ಬಿಡಬೇಡಿರೆಂದು ಮಲೆನಾಡಿಗನಿಗೆ ಹೇಳುವವರಾರು? ಅಡಕೆ ತೋಟಕ್ಕೆ ಗೊಬ್ಬರ ಬೇಕು, ಗೊಬ್ಬರಕ್ಕೆ ದನವೂ ಸೊಪ್ಪೂ ಬೇಕು. ಪ್ರಬಂಧದಲ್ಲಿ ಸುಲಭವಾಗಿ ಕಂಡ ಸತ್ಯವು ಕೊಟ್ಟಿಗೆಯ ಬಾಗಿಲಲ್ಲಿ ತೊಡಕಾಯಿತು. ಕಾಡು ಕಡಿಯುವುದೂ ನಿಲ್ಲಲಿಲ್ಲ. 1982–83ರಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ತೋಟಕ್ಕಾಗಿ ಕಾಡನ್ನು ಸವರಿದ ಪ್ರದೇಶದಲ್ಲಿಯೇ ಕಾಯಿಲೆಯು ಭಯಂಕರವಾಗಿ ಹಬ್ಬಿತು. ಕೊಲಂಬಿಯದಲ್ಲಿ ಉರುಳಿದ ಆ ಮರವನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಾರದು. ಮುಂದೆ ರೋಗವು ಕೇರಳ, ಗೋವ, ಮಹಾರಾಷ್ಟ್ರಗಳಿಗೂ ಕಾಲಿಟ್ಟಿತು.

ಮೊದಮೊದಲು ರಷ್ಯದ ರೋಗಕ್ಕಾಗಿ ಮಾಡಿದ್ದ ಲಸಿಕೆಯನ್ನೇ ಪ್ರಯೋಗಿಸಿ ನೋಡಿದರು, ಫಲಿಸಲಿಲ್ಲ. ಬಳಿಕ ಈ ವೈರಸ್ಸಿನಿಂದಲೇ ತಯಾರಾದ ಲಸಿಕೆ ಹಲವು ವರ್ಷ ಬಳಕೆಯಲ್ಲಿದ್ದು, ಸಾಕಷ್ಟು ರಕ್ಷಣೆ ಕೊಡಲಾರದೆಂದು 2022ರಲ್ಲಿ ನಿಂತುಹೋಯಿತು. ಹೊಸದೊಂದರ ಪ್ರಯತ್ನ ನಡೆದಿದೆ. ಅದು ಕೈಗೆ ಬರುವ ತನಕ ಕಾಡಿಗೆ ಹೊರಟವರು ಕೈಕಾಲುಗಳಿಗೆ ಉಣ್ಣಿ ಓಡಿಸುವ ತೈಲವನ್ನು ಸವರಿಕೊಂಡು ಹೋಗುತ್ತಾರೆ. ಹಿಂದಿರುಗಿದ ಮೇಲೆ ಬಿಸಿನೀರು ಮಿಂದು, ಉಟ್ಟ ಬಟ್ಟೆಯನ್ನು ಒಗೆದು ಹಾಕುತ್ತಾರೆ. ಸಂಜೆ ದನಗಳು ಎಂದಿನಂತೆ ಕಾಡಿನಿಂದ ಕೊಟ್ಟಿಗೆಗೆ ಮರಳುತ್ತವೆ.