ಲಕೋಟೆಯಿಂದ ಬಂದ ಲ್ಯಾಪ್‌ಟಾಪ್

2008ರ ಜನವರಿ, ಸ್ಯಾನ್ ಫ್ರಾನ್ಸಿಸ್ಕೊ. ವೇದಿಕೆ ಮೇಲೆ ಸ್ಟೀವ್ ಜಾಬ್ಸ್. ಕೈಯಲ್ಲೊಂದು ಖಾಕಿ ಲಕೋಟೆ. ಆಫೀಸಲ್ಲಿ ಕಾಗದಪತ್ರ ಕಳಿಸೋಕೆ ಬಳಸ್ತೀವಲ್ಲ, ಅಂಥದ್ದೇ. ಅದನ್ನ ಬಿಚ್ಚಿ ಒಳಗಿಂದ ಮೆಲ್ಲಗೆ ಹೊರತೆಗೆದದ್ದು ಮ್ಯಾಕ್‌ಬುಕ್ ಏರ್. ಸಭೆ ತುಂಬಾ ಚಪ್ಪಾಳೆ.

ದಪ್ಪ ಎಷ್ಟು ಅನ್ನೋ ಅಂಕಿಯನ್ನೂ ಅವರು ಹೇಳಿದ್ರು: ಹೆಚ್ಚೆಂದರೆ 0.76 ಇಂಚು. ಇವತ್ತು ಅದು ಯಾರಿಗೆ ನೆನಪಿದೆ? ಲಕೋಟೆ ನೆನಪಿದೆ. ಯಾಕಂದ್ರೆ ಲಕೋಟೆ ಎಷ್ಟು ತೆಳ್ಳಗಿರುತ್ತೆ ಅಂತ ಎಲ್ಲರ ಕೈಗೂ ಗೊತ್ತು.

2001ರಲ್ಲಿ ಐಪಾಡ್ ಬಂದಾಗಲೂ ಇದೇ ಉಪಾಯ. 5 ಜಿಬಿ ಅಂದ್ರೆ ತಲೆಗೆ ಹತ್ತಲ್ಲ. ಜೇಬಲ್ಲಿ 1000 ಹಾಡು ಅಂದ್ರೆ ಅಜ್ಜಿಗೂ ತಿಳಿಯುತ್ತೆ.

ಸರಿ, ನಮ್ಮ ಹತ್ರ ಐಪಾಡ್ ಇಲ್ಲ, ಸೋಮವಾರದ ರಿವ್ಯೂ ಮೀಟಿಂಗ್ ಇದೆ! ಸ್ಲೈಡಿನ ತಲೆಬರಹ ನೋಡಿ: ‘ಮೂರನೇ ತ್ರೈಮಾಸಿಕದ ಮಾರಾಟ ವಿಶ್ಲೇಷಣೆ’. ಇದು ಫೈಲಿಗೆ ಇಡೋ ಹೆಸರಾಯ್ತು. ‘ಹುಬ್ಬಳ್ಳಿಗೆ ಲಾರಿ ತಡವಾಗ್ತಿದೆ, ಅದಕ್ಕೇ ಮಾರಾಟ ಬಿದ್ದಿದೆ’ ಅಂತ ಬರೀರಿ. ಎಂ.ಡಿ. ಮೊಬೈಲ್ ಬಿಟ್ಟು ತಲೆ ಎತ್ತುತ್ತಾರೆ. ಕೆಳಗೆ ಹುಬ್ಬಳ್ಳಿಯ ಗ್ರಾಫ್ ಒಂದಿದ್ರೆ ಸಾಕು. ಉಳಿದ ಪಟ್ಟಿಗಳನ್ನ ಪ್ರಿಂಟ್ ತೆಗೆದು ಕೈಗೆ ಕೊಡಿ. ಇನ್ನೊಂದು ಲಾರಿ ಬೇಕಿದ್ರೆ ಮೊದಲೇ ಕೇಳಿಬಿಡಿ. ಕೊನೇ ಸ್ಲೈಡ್ ಬರೋ ಹೊತ್ತಿಗೆ ಊಟದ ಟೈಮ್ ಆಗಿರುತ್ತೆ.

ಸ್ಲೈಡ್ ನೋಡ್ಕೊಂಡು ಓದೋದಂತೂ ಬೇಡವೇ ಬೇಡ, ಓದೋಕೆ ಅವರಿಗೂ ಬರುತ್ತೆ. ಎಲ್ಲರೂ ನಿಮ್ಮ ಮುಖ ನೋಡಬೇಕು ಅನ್ನಿಸಿದಾಗ, ಪವರ್‌ಪಾಯಿಂಟ್ ಷೋ ನಡೀತಿರುವಾಗಲೇ ಕೀಬೋರ್ಡಿನಲ್ಲಿ ‘ಬಿ’ ಒತ್ತಿ. ಪರದೆ ಕಪ್ಪಾಗುತ್ತೆ. ಮತ್ತೆ ಒತ್ತಿದ್ರೆ ಸ್ಲೈಡ್ ವಾಪಸ್.