ಕಣ್ಣಾರೆ ಕಂಡವನ ಗುರುತು: ತಪ್ಪು ಕಲ್ಪನೆ ಮತ್ತು ಸತ್ಯ

ಗಾಂಜಾ ಪ್ರಕರಣದಲ್ಲಿ ದಾಳಿಗೆ ಹೋದವರು ನ್ಯಾಯಾಲಯದಲ್ಲಿ ಆರೋಪಿಯತ್ತ ಕೈಮಾಡಿ ‘ಇವನೇ’ ಎಂದ ಮೇಲೆ ಮೇಲ್ಮನವಿಯಲ್ಲಿ ಹೇಳಲು ಏನೂ ಉಳಿಯುವುದಿಲ್ಲ ಎಂಬ ನಂಬಿಕೆ ಸಾಮಾನ್ಯವಾಗಿದೆ. ಆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಸೆಷನ್ಸ್ ತೀರ್ಪುಗಳ ವಿರುದ್ಧ ಹೈಕೋರ್ಟಿನ ಧಾರವಾಡ ಪೀಠಕ್ಕೆ ಸಲ್ಲುವ ಮೇಲ್ಮನವಿಯು ಕಾನೂನಿನ ತೊಡಕುಗಳಿಗಷ್ಟೇ ಸೀಮಿತವಲ್ಲ. ಅಲ್ಲಿ ಸಾಕ್ಷ್ಯವನ್ನೂ ಮತ್ತೆ ತೂಗಿ ನೋಡಲಾಗುತ್ತದೆ.

ಮಾಲಿನೊಂದಿಗೆ ಸ್ಥಳದಲ್ಲೇ ಸಿಕ್ಕಿಬಿದ್ದವನ ವಿಷಯದಲ್ಲಿ ಗುರುತಿನ ತಕರಾರು ನಿಲ್ಲುವುದು ಕಷ್ಟ, ಅಂಥಲ್ಲಿ ಅದನ್ನೇ ಹಿಡಿದು ವಾದಿಸುವುದು ವ್ಯರ್ಥ ಪ್ರಯಾಸ. ಕತ್ತಲಲ್ಲಿ ಚೀಲ ಬಿಟ್ಟು ಕಬ್ಬಿನ ಗದ್ದೆಯೊಳಗೆ ಓಡಿಹೋದವನೆಂದು ಹೇಳಿ ವಾರಗಳ ನಂತರ ಬೇರೊಂದು ಊರಿನಲ್ಲಿ ಬಂಧಿಸಿದವನ ಪ್ರಕರಣದಲ್ಲಾದರೋ ಎಲ್ಲವೂ ಗುರುತಿನ ಮೇಲೆಯೇ ನಿಂತಿರುತ್ತದೆ: ಸಾಕ್ಷಿಗೆ ಅವನ ಪರಿಚಯ ಮೊದಲೇ ಇತ್ತೇ, ಎಷ್ಟು ಬೆಳಕಿತ್ತು, ಎಷ್ಟು ಹೊತ್ತು ಮುಖ ಕಂಡಿತು, ಮೊದಲ ದೂರಿನಲ್ಲಿ ಚಹರೆ ಬರೆದಿದೆಯೇ? ಅಪರಿಚಿತನನ್ನು ಸಾಕ್ಷಿಯು ಮೊದಲ ಬಾರಿಗೆ ನ್ಯಾಯಾಲಯದಲ್ಲೇ ಗುರುತಿಸಿದರೆ, ಹಿಂದೆ ಗುರುತು ಪರೇಡ್ ನಡೆಯದಿದ್ದಲ್ಲಿ, ಅದಕ್ಕೆ ಬೆಲೆಯಿಲ್ಲವೆಂದು ಸುಪ್ರೀಂ ಕೋರ್ಟ್ 1979ರ ಕಣ್ಣನ್ ಪ್ರಕರಣದಲ್ಲಿ ಹೇಳಿತು.

ಹಾಗೆಂದು ಪರೇಡ್ ಇಲ್ಲದ ಮೊಕದ್ದಮೆಯೆಲ್ಲ ಬಿದ್ದುಹೋಗುತ್ತದೆ ಎಂಬುದೂ ತಪ್ಪೇ. ಗುರುತು ಪರೇಡ್ ಎಂದರೆ ಸಾಮಾನ್ಯವಾಗಿ ತಹಶೀಲ್ದಾರರ ಎದುರು ಆರೋಪಿಯನ್ನು ಅವನನ್ನೇ ಹೋಲುವ ಇತರರೊಡನೆ ನಿಲ್ಲಿಸಿ ಸಾಕ್ಷಿಯಿಂದ ಗುರುತು ಹಿಡಿಸುವ ತನಿಖಾ ಕ್ರಮ. ಮಲ್ಖಾನ್ ಸಿಂಗ್ ಪ್ರಕರಣದ 2003ರ ತೀರ್ಪಿನಂತೆ ಮೂಲ ಸಾಕ್ಷ್ಯವಾಗುವುದು ನ್ಯಾಯಾಲಯದಲ್ಲಿ ನುಡಿದ ಗುರುತು, ಪರೇಡ್ ಅದಕ್ಕೆ ಒತ್ತಾಸೆ ಮಾತ್ರ. ಪರೇಡಿಗೂ ಮುನ್ನ ಠಾಣೆಯಲ್ಲಿ ಮೊಬೈಲಿನ ಫೋಟೊ ತೋರಿಸಿದ್ದರೆ ಆ ಒತ್ತಾಸೆಯೂ ಪೊಳ್ಳಾಗುತ್ತದೆ.

ಪಂಚರು, ಅಂದರೆ ಜಪ್ತಿಗೆ ಸಾಕ್ಷಿಯಾಗಿ ಸಹಿ ಹಾಕಿದವರು, ತಿರುಗಿಬಿದ್ದ ಮಾತ್ರಕ್ಕೆ ಬಿಡುಗಡೆ ಖಚಿತವೆಂಬ ಮಾತಿಗೂ ಆಧಾರವಿಲ್ಲ. ನಂಬಲರ್ಹವಾದ ಪೊಲೀಸ್ ಸಾಕ್ಷ್ಯದ ಮೇಲೂ ಶಿಕ್ಷೆಯಾಗಬಹುದು.

1985ರ ಮಾದಕ ವಸ್ತು ಕಾಯ್ದೆಯ 54ನೇ ಕಲಮು ಆರೋಪಿಯ ವಿರುದ್ಧ ಅಪರಾಧದ ಪೂರ್ವಭಾವನೆಗೆ ಎಡೆಮಾಡುವುದರಿಂದ ನಿರಪರಾಧವನ್ನು ಅವನೇ ಸಾಬೀತುಪಡಿಸಬೇಕೆಂದು ಹಲವರು ತಿಳಿಯುತ್ತಾರೆ. 2008ರ ನೂರ್ ಆಗಾ ತೀರ್ಪಿನ ಪ್ರಕಾರ ಮಾಲು ಅವನ ವಶದಲ್ಲಿತ್ತು ಎಂಬ ಬುನಾದಿಯ ಸಂಗತಿಯನ್ನು ಮೊದಲು ಸರ್ಕಾರದ ಪರದವರು ಸಾಬೀತುಪಡಿಸಬೇಕು. ‘ಅವನು’ ಯಾರೆಂಬುದೇ ಸಂಶಯವಾದಲ್ಲಿ ಪೂರ್ವಭಾವನೆಗೆ ನೆಲೆಯೇ ಇರುವುದಿಲ್ಲ. ಆದರೆ ಬೆಳಕು, ದೂರ, ಪರಿಚಯದ ಕುರಿತು ವಿಚಾರಣೆಯ ಪಾಟೀಸವಾಲಿನಲ್ಲಿ ಕೇಳದೆ ಬಿಟ್ಟ ಪ್ರಶ್ನೆಗಳಿಗೆ ಧಾರವಾಡದಲ್ಲಿ ಉತ್ತರ ದೊರಕಿಸುವುದು ಬಹುಮಟ್ಟಿಗೆ ಅಸಾಧ್ಯ.