ಎಂಡೆಲ್ ಸ್ಟ್ರೀಟಿನ ಗಂಟೆ

ಅಂಗಳದ ಗಂಟೆ ಬಾರಿಸಿತೆಂದರೆ ಗಾಯಾಳುಗಳ ಗಾಡಿಗಳು ಬಂದವು ಎಂದೇ ಅರ್ಥ. ಹೆಚ್ಚಿನ ಸಲ ಅದು ರಾತ್ರಿ ಹೊತ್ತು. ಮಲಗಿದ್ದವರು ಎದ್ದು ಓಡುತ್ತಿದ್ದರು. ಸ್ಟ್ರೆಚರ್ ಹೊರುವವರು ಹೆಂಗಸರು, ಎಕ್ಸ್‌ರೇ ತೆಗೆಯುವವರು ಹೆಂಗಸರು, ಆಪರೇಷನ್ ಮಾಡುವವರೂ ಹೆಂಗಸರೇ. ದಿಕ್ಕಿಲ್ಲದ ಬಡವರನ್ನು ದುಡಿಮೆಗೆ ಹಚ್ಚುತ್ತಿದ್ದ ಲಂಡನ್ನಿನ ಹಳೆಯ ಕಟ್ಟಡವೊಂದರಲ್ಲಿ 1915ರ ಮೇ ತಿಂಗಳಲ್ಲಿ ಶುರುವಾದ ಎಂಡೆಲ್ ಸ್ಟ್ರೀಟ್ ಮಿಲಿಟರಿ ಆಸ್ಪತ್ರೆ ಇದು.

ನಡೆಸಿದವರು ಡಾ. ಫ್ಲೋರಾ ಮರ್ರೆ ಮತ್ತು ಡಾ. ಲೂಯಿಸಾ ಗ್ಯಾರೆಟ್ ಆಂಡರ್ಸನ್. ಇಬ್ಬರೂ ಹೆಂಗಸರ ಮತದಾನದ ಹಕ್ಕಿಗಾಗಿ ಬೀದಿಗಿಳಿದವರು. ಲೂಯಿಸಾ 1912ರಲ್ಲಿ ಕಿಟಕಿ ಗಾಜು ಒಡೆದು ಜೈಲಿಗೂ ಹೋಗಿ ಬಂದಿದ್ದರು. ಆ ಕಾಲದ ವೈದ್ಯೆಯರ ಪಾಲಿಗೆ ಇದ್ದದ್ದು ಹೆಂಗಸರು, ಮಕ್ಕಳ ಚಿಕಿತ್ಸೆ ಮಾತ್ರ. ಮೊದಲ ಮಹಾಯುದ್ಧ ಬಂದಾಗ ಇವರು ತಮ್ಮ ಸರ್ಕಾರದ ಬಾಗಿಲು ತಟ್ಟಲಿಲ್ಲ. ಫ್ರೆಂಚ್ ರೆಡ್ ಕ್ರಾಸ್ ಜೊತೆ ಸೇರಿ ಪ್ಯಾರಿಸ್ಸಿನ ಹೋಟೆಲೊಂದನ್ನೇ ಆಸ್ಪತ್ರೆ ಮಾಡಿದರು. ಆ ಕೆಲಸ ಕಂಡ ಮೇಲೆ ಬ್ರಿಟಿಷ್ ಸೇನೆ ತಾನಾಗಿ ಕರೆಯಿತು.

ನನ್ನ ಮನಸ್ಸಿನಲ್ಲಿ ಉಳಿದಿರುವುದು ಒಂದು ಮುಲಾಮು. ಕೀವುಗಟ್ಟಿದ ಗಾಯಕ್ಕೆ ದಿನವೂ ಡ್ರೆಸಿಂಗ್ ಬದಲಿಸಬೇಕಿತ್ತು. ಅಂಟಿಕೊಂಡ ಬಟ್ಟೆಯನ್ನು ಕೀಳುವಾಗಿನ ಜೀವ ಹಿಂಡುವ ನೋವು ಅನುಭವಿಸಿದವರಿಗೇ ಗೊತ್ತು. ನಾಳೆ ಬೆಳಿಗ್ಗೆ ಮತ್ತೆ ಅದೇ ಎಂಬ ಭಯ ರಾತ್ರಿಯ ನಿದ್ದೆಯನ್ನೂ ತಿನ್ನುತ್ತದೆ. 1916ರಲ್ಲಿ ಇಲ್ಲಿನ ವೈದ್ಯೆಯರು ಬಿಸ್ಮತ್, ಅಯೊಡೊಫಾರ್ಮ್, ಪ್ಯಾರಾಫಿನ್ ಬೆರೆಸಿದ ‘ಬಿಪ್’ ಎಂಬ ಮುಲಾಮನ್ನು ಪ್ರಯೋಗಿಸಿ ನೋಡಿದರು. ಅದನ್ನು ರೂಪಿಸಿದವರು ರುದರ್‌ಫರ್ಡ್ ಮಾರಿಸನ್ ಎಂಬ ಸರ್ಜನ್. ಗಾಯ ಶುಚಿ ಮಾಡಿ ಇದನ್ನು ತಿಕ್ಕಿ ಕಟ್ಟಿದರೆ ಹಲವು ದಿನ ಬಿಚ್ಚಬೇಕಿರಲಿಲ್ಲ. ಸೈನಿಕ ಕಣ್ತುಂಬ ನಿದ್ದೆ ಮಾಡಿದ. ನರ್ಸ್‌ಗಳ ಕೈಗೂ ಬಿಡುವು ಸಿಕ್ಕಿತು. ಮೂಗು, ಕಿವಿಯ ಆಪರೇಷನ್‌ಗಳಲ್ಲಿ ಆ ಮುಲಾಮು ಇಂದಿಗೂ ಬಳಕೆಯಲ್ಲಿದೆ.

‘ಮಾತಲ್ಲ, ಕೃತಿ’ ಎಂಬುದು ಆಸ್ಪತ್ರೆಯ ಧ್ಯೇಯವಾಕ್ಯ; ಮತದಾನ ಹೋರಾಟದ ಘೋಷಣೆಯೇ ಅದು. ಐನೂರಕ್ಕೂ ಹೆಚ್ಚು ಹಾಸಿಗೆಗಳು, ಸುಮಾರು 26,000 ರೋಗಿಗಳು. ಈ ವೈದ್ಯೆಯರಿಗೆ ಅಧಿಕಾರಿಗಳ ಸಂಬಳ ಕೊಟ್ಟ ಸೇನೆ ಅಧಿಕಾರಿಯ ಪದವಿಯನ್ನು ಮಾತ್ರ ಕೊಡಲಿಲ್ಲ. ಇದು ಅನ್ಯಾಯವೆಂದೇ ನಾನು ಹೇಳುತ್ತೇನೆ. ಗುಂಡು ಹೊಕ್ಕ ತೊಡೆಯನ್ನು ಕೊಯ್ದು ಉಳಿಸುವ ಕೈಗೆ ಇನ್ನಾವ ಅರ್ಹತೆ ಬೇಕಿತ್ತು?

ಯುದ್ಧ ಮುಗಿಯಿತು. ಯುದ್ಧಕಾಲದಲ್ಲಿ ಹೆಣ್ಣುಮಕ್ಕಳನ್ನು ಸೇರಿಸಿಕೊಂಡಿದ್ದ ಲಂಡನ್ನಿನ ಹಲವು ವೈದ್ಯಕೀಯ ಕಾಲೇಜುಗಳು 1920ರ ದಶಕದಲ್ಲಿ ಅವರಿಗೆ ಮತ್ತೆ ಬಾಗಿಲು ಹಾಕಿದವು. ಮರ್ರೆ, ಆಂಡರ್ಸನ್ ಯುದ್ಧಕ್ಕೆ ಮುಂಚೆ ತಾವೇ ಕಟ್ಟಿದ್ದ ಪುಟ್ಟ ಮಕ್ಕಳ ಆಸ್ಪತ್ರೆಗೆ ಮರಳಿದರು. ಹಣವಿಲ್ಲದೆ 1921ರಲ್ಲಿ ಅದೂ ಮುಚ್ಚಿತು.